ಸಕ್ಕರೆ ಹುಡುಗಿಯ ಹೆಜ್ಜೆ ಸದ್ದು

ಮಾರ್ಚ್ ೪, ಸೋಮವಾರ

ಬೆಳಗ್ಗೆ ಆಡಳಿತಾಧಿಕಾರಿಗಳು ಕರೆಸಿಕೊಂಡರು. ಇಪ್ಪತ್ತಾರು ವರ್ಷಗಳಲ್ಲಿ ಅವರ ಕೋಣೆಗೆ ನಾನು ಹೋದದ್ದು ಮೂರೇ ಸಲ. ಮೂರು ಸಲವೂ ತಪ್ಪು ಬೇರೆಯವರದು, ಬೈಗುಳ ನನ್ನದು. ಈ ಸಲ ಯಾರದೂ ತಪ್ಪಿಲ್ಲ. ನಮ್ಮ ರೇಡಿಯೊ ಕೇಂದ್ರ ಒಂದು ಯಂತ್ರ ಕೊಂಡಿದೆ, ಅದರ ಹೊಟ್ಟೆಯಲ್ಲಿ ನಲವತ್ತು ಸಾವಿರ ಸದ್ದುಗಳಿವೆಯಂತೆ.

"ಇನ್ಮೇಲೆ ನಾಟಕಕ್ಕೆ ಬಾಗಿಲು ಬೇಕಂದ್ರೆ ಗುಂಡಿ ಒತ್ತಿದ್ರಾಯ್ತು. ನೀವು ಆ ಹಳೇ ಬಾಗಿಲು, ಮುರುಕು ಕುರ್ಚಿ ಎಲ್ಲಾ ಇಟ್ಕೊಂಡು ಒದ್ದಾಡೋದು ಬೇಡ," ಎಂದರು.

ನಾನು ನಾಟಕಗಳಿಗೆ ಕೈಯಿಂದ ಸದ್ದು ಮಾಡುವ ಸದ್ದಿನ ಕೋಣೆ ತಿಂಗಳ ಕೊನೆಗೆ ಖಾಲಿಯಾಗಬೇಕು. ನಾನು ಸ್ವಯಂ ನಿವೃತ್ತಿ ತೆಗೆದುಕೊಳ್ಳಬಹುದು, ಇಲ್ಲವೇ ನೆಲಮಾಳಿಗೆಯಲ್ಲಿ ಕಾಗದ, ಪೆನ್ನು, ಬಲ್ಬು ಕೊಡುವ ದಾಸ್ತಾನು ವಿಭಾಗಕ್ಕೆ ಹೋಗಬಹುದು. ಅರ್ಜಿ ನಮೂನೆ ಕೈಗಿಟ್ಟರು. "ತುಂಬಾ ಉಪಕಾರ ಆಯ್ತು ಸರ್" ಎಂದು ಹೇಳಿ ಬಂದೆ. ಯಾವ ಉಪಕಾರ ಎಂದು ಮೆಟ್ಟಿಲಿಳಿಯುವಾಗ ಯೋಚಿಸಿದೆ, ಹೊಳೆಯಲಿಲ್ಲ.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ನಾನು ಅಳುವ ಮೊದಲೇ ಅವಳು ಕುಣಿದಾಡಿಬಿಟ್ಟಳು.

"ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಬಂದ್ಬಿಡು ಪುಟ್ಟಿ. ಇವಳು ಮತ್ತೆ ಕೆಲಸಕ್ಕೆ ಹೋಗ್ಬೇಕು, ಮಗು ನೋಡ್ಕೊಳ್ಳೋಕೆ ನಮ್ಮೋರು ಅಂತ ಯಾರಿದಾರೆ? ಹಿಂದಿನ ರೂಮು ನಿಂಗೆ. ಆ ಒಂಟಿ ಮನೆಯಲ್ಲಿ ಏನಿದೆ ನಿಂದು?"

ಇವಳು ಎಂದರೆ ಅಕ್ಕನ ಮಗಳು. ಪುಟ್ಟಿ ಎಂದರೆ ನಾನು, ಐವತ್ತೊಂದು ವರ್ಷದವಳು. ಅಕ್ಕ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಅಮ್ಮ ಹೋದಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನೇಳು. ಅವಳು ಸಾಕದಿದ್ದರೆ ನಾನೆಲ್ಲಿರುತ್ತಿದ್ದೆ?

ಮಾರ್ಚ್ ೫, ಮಂಗಳವಾರ

ನಾಟಕ ವಿಭಾಗಕ್ಕೆ ಹೊಸದಾಗಿ ಬಂದಿರುವ ನಿರ್ದೇಶಕಿಗೆ ಎಲ್ಲರೂ ಕಡ್ಡಿ ಎನ್ನುತ್ತಾರೆ. ಸಣಕಲಿ ಎಂದೂ ಹೌದು, ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆ ಎಂದೂ ಹೌದು. ಕೇಂದ್ರದ ವಾರ್ಷಿಕೋತ್ಸವಕ್ಕೆ ಅವಳು 'ಸಕ್ಕರೆ ಹುಡುಗಿ'ಯ ಕಥೆಯನ್ನು ನಾಟಕ ಮಾಡುತ್ತಾಳಂತೆ, ಅದೂ ನೇರ ಪ್ರಸಾರ. ಎಲ್ಲರೂ ಕಥೆಯನ್ನು ತಮಗೆ ನೆನಪಿದ್ದ ಹಾಗೆ ಬರೆದು ತರಬೇಕು ಎಂದಳು. ನಾನು ಬರೆದುಕೊಟ್ಟದ್ದು ಇಷ್ಟು:

ಒಬ್ಬ ರಾಜ, ಒಬ್ಬಳು ರಾಣಿ, ಮಕ್ಕಳಿಲ್ಲ. ಅರಮನೆಯ ಅಡುಗೆಯವಳು ಸಕ್ಕರೆಯಲ್ಲಿ ಒಂದು ಹುಡುಗಿಯನ್ನು ಮಾಡಿಕೊಟ್ಟಳು. ರಾಣಿ 'ಮಗಳೇ' ಎಂದು ಕರೆದಳು, ಹುಡುಗಿ ಕಣ್ಣು ಬಿಟ್ಟಳು. ಅರಮನೆಗೆಲ್ಲ ಅವಳೆಂದರೆ ಮುದ್ದು. ಬೆಳಗ್ಗೆ ರಾಜನದು ಒಂದು ಮುತ್ತು, ಮಧ್ಯಾಹ್ನ ಮಂತ್ರಿಯದು ಒಂದು, ಸಂಜೆ ರಾಣಿಯದು ಎರಡು. ಮುತ್ತಿಗೊಮ್ಮೆ ಹುಡುಗಿ ಸ್ವಲ್ಪ ಸ್ವಲ್ಪ ಕರಗಿದಳು. ಆಳುದ್ದ ಇದ್ದವಳು ಮೊಳದುದ್ದ ಆದಳು, ಗೇಣುದ್ದ ಆದಳು, ಬೆರಳುದ್ದ ಆದಳು. ಸಾಸಿವೆಯಷ್ಟಾದ ದಿನ ರಾಣಿ ಅವಳನ್ನು ನಾಲಿಗೆಯ ಮೇಲಿಟ್ಟುಕೊಂಡಳು. ಅಂದಿನಿಂದ ರಾಣಿಯ ಮಾತೆಲ್ಲ ಸಿಹಿಯಾಯಿತು. ಅದಕ್ಕೇ ಇವತ್ತಿಗೂ ಅಮ್ಮಂದಿರ ಮಾತು ಸಿಹಿ.

ಅಮ್ಮ ಹೋದ ಮೇಲೆ ಅಕ್ಕ ದಿನಾ ಈ ಕಥೆ ಹೇಳಿ, ಎರಡೂ ಕೆನ್ನೆಗೆ ಮುತ್ತು ಕೊಟ್ಟು ಮಲಗಿಸುತ್ತಿದ್ದಳು. ಎಷ್ಟು ಚೆಂದದ ಕಥೆ!

ಕಡ್ಡಿ ಓದಿ ಕಾಗದ ಕೆಳಗಿಟ್ಟಳು. "ಇದು ಭಯಾನಕ ಕಥೆ ಅಂತ ನಿಮಗೆ ಯಾವತ್ತೂ ಅನ್ನಿಸಿಲ್ವಾ?"

"ಇಲ್ಲಪ್ಪ. ಎಲ್ರೂ ಅವಳನ್ನ ಎಷ್ಟು ಪ್ರೀತಿಸ್ತಾರೆ..."

"ಒಂದು ಮಗೂನ ಇಡೀ ಅರಮನೆ ಸೇರ್ಕೊಂಡು ನೆಕ್ಕಿ ನೆಕ್ಕಿ ತಿಂದಿದೆ. ನಾನು ಅದನ್ನ ಹೇಳ್ತೀನಿ. ಕೇಳಿದೋರು ಸಕ್ಕರೆ ಡಬ್ಬ ಮುಟ್ಬಾರದು."

ಹುಚ್ಚು ಹುಡುಗಿ ಅಂದುಕೊಂಡೆ. ಈಗಿನವರಿಗೆ ಒಳ್ಳೆಯ ಕಥೆ ಕಂಡರೆ ಆಗುವುದಿಲ್ಲ.

ಮಾರ್ಚ್ ೮, ಶುಕ್ರವಾರ

ಯಂತ್ರವನ್ನು ಪರೀಕ್ಷೆ ಮಾಡಿದರು. ನಮ್ಮ ಇಂಜಿನಿಯರ್ ಮೀಟರಿನ ಮುಳ್ಳಿನಿಂದ ಕಣ್ಣು ತೆಗೆಯುವುದೇ ಇಲ್ಲ, ಅದಕ್ಕೆ ಅವರು ಎಲ್ಲರಿಗೂ ಮುಳ್ಳಣ್ಣ. ಅವರು ಗುಂಡಿ ಒತ್ತಿದರು. ಯಂತ್ರದಲ್ಲಿ ಹದಿನಾಲ್ಕು ಬಗೆಯ ಮುತ್ತುಗಳಿವೆ. ಒಂದನೆಯದು ಬಾಟಲಿಯ ಬಿರಡೆ ತೆಗೆದಂತಿತ್ತು, ಆರನೆಯದು ಚಪ್ಪಲಿ ಕೆಸರಿನಿಂದ ಕಿತ್ತಂತಿತ್ತು. ಹನ್ನೊಂದನೆಯದಕ್ಕೆ ರಾಣಿಯ ಪಾತ್ರದವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಕಡ್ಡಿ ನಗಲಿಲ್ಲ. ಎದ್ದು ನೇರ ಆಡಳಿತಾಧಿಕಾರಿಗಳ ಕೋಣೆಗೆ ಹೋದಳು, ನನ್ನನ್ನೂ ಎಳೆದುಕೊಂಡು. ಈ ನಾಟಕಕ್ಕೆ ಕೈಯಿಂದ ಮಾಡಿದ ಸದ್ದೇ ಬೇಕು, ನಾಟಕ ಗೆದ್ದರೆ ಸದ್ದಿನ ಕೋಣೆ ಉಳಿಯಬೇಕು ಎಂದಳು. ನಾನು ಗೋಡೆ ನೋಡುತ್ತ ನಿಂತಿದ್ದೆ.

"ಗೆಲ್ಲೋದು ಅಂದ್ರೆ ಏನಮ್ಮ? ನಮ್ಮ ನಾಟಕಕ್ಕೆ ಬರೋದೇ ನಾಲ್ಕು ಫೋನು. ಅದರಲ್ಲಿ ಎರಡು ನಟರ ತಾಯಂದಿರದು," ಎಂದು ಅವರು ನಕ್ಕರು. "ಐವತ್ತು ಫೋನ್ ಬರಲಿ, ಕೋಣೆ ಇಟ್ಕೊಳ್ಳಿ."

ಹೊರಗೆ ಬಂದು ನಾನು ಕಡ್ಡಿಗೆ ಕ್ಷಮಿಸಿ ಎಂದೆ. "ಯಾಕೆ?" ಎಂದು ಕೇಳಿದಳು. ನನ್ನಿಂದ ತೊಂದರೆಯಾಯಿತಲ್ಲ ಎಂದೆ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಸ್ಟುಡಿಯೊ ಕಡೆ ನಡೆದಳು.

ಮಾರ್ಚ್ ೧೦, ಭಾನುವಾರ

ಅಕ್ಕನ ಮನೆ. ಹಿಂದಿನ ರೂಮಿಗೆ ತಿಳಿ ಹಸಿರು ಬಣ್ಣ ಹೊಡೆಸಿದ್ದಾರೆ. ತೊಟ್ಟಿಲು, ಮಗುವಿನ ಬಟ್ಟೆಯ ಕಪಾಟು, ಇಸ್ತ್ರಿ ಮೇಜು ಎಲ್ಲ ಅಲ್ಲೇ. ನನ್ನ ಮಂಚ ಹಿಡಿಸುತ್ತದೆ, ನಾನು ತೆಳ್ಳಗಿದ್ದೇನಲ್ಲ.

ಅಕ್ಕನ ಮಗಳಿಗೆ ನನ್ನ ಬೂದು ಶಾಲು ಹಿಡಿಸಿತು, ಕೊಟ್ಟೆ. ಹೊಲಿಗೆ ಯಂತ್ರವನ್ನು ಹೋದ ವಾರವೇ ಭಾವ ತರಿಸಿಕೊಂಡಿದ್ದರು. ಹೇಗೂ ಬರುತ್ತೀಯಲ್ಲ ಎಂದು ಮಿಕ್ಸರನ್ನೂ ಈಗಲೇ ಕಳಿಸು ಎಂದರು, ಸಂಜೆಯೇ ಕಳಿಸಿದೆ. ಮಗುವಿಗೆ ಹಣ್ಣು ಅರೆಯಲು ಬೇಕಂತೆ. ಎಲ್ಲರೂ ನನ್ನದನ್ನು ಎಷ್ಟು ಸಲಿಗೆಯಿಂದ ಕೇಳುತ್ತಾರೆ, ಸಂತೋಷವಾಗುತ್ತದೆ.

ನಿವೃತ್ತಿಯ ಅರ್ಜಿಯನ್ನು ಅಕ್ಕನೇ ಕೂತು ಪೆನ್ಸಿಲಿನಲ್ಲಿ ತುಂಬಿದಳು. ರುಜು ಮಾತ್ರ ಬಾಕಿ.

ಮಾರ್ಚ್ ೧೩, ಬುಧವಾರ

ಮೂರು ದಿನದಿಂದ ನೆಕ್ಕುವ ಸದ್ದು ಹುಡುಕುತ್ತಿದ್ದೇನೆ. ಒದ್ದೆ ಚರ್ಮವನ್ನು ಗಾಜಿನ ಮೇಲೆ ಎಳೆದೆ. ಬಲೂನಿಗೆ ಎಣ್ಣೆ ಹಚ್ಚಿ ಉಜ್ಜಿದೆ. ಸಿಪ್ಪೆ ಸುಲಿದ ಹಣ್ಣಿನ ಮೇಲೆ ಹೆಬ್ಬೆರಳು ಜಾರಿಸಿದೆ. ಎಲ್ಲವೂ ಅಸಹ್ಯ, ಯಾವುದೂ ಭಯವಲ್ಲ.

ಬೇಸತ್ತು ನನ್ನ ಕೈಹಿಂಬದಿಗೆ ನಾನೇ ಒಂದು ಮುತ್ತು ಕೊಟ್ಟೆ, ಅಕ್ಕ ಕೊಡುತ್ತಿದ್ದ ಹಾಗೆ, ಮೆತ್ತಗೆ. ತುಟಿ ಬಿಟ್ಟ ಕೂಡಲೇ ಹಲ್ಲಿನ ನಡುವೆ ಒಂದೇ ಒಂದು ಸಕ್ಕರೆ ಹರಳನ್ನು ಕಡಿದೆ. ಮುತ್ತು, ಆಮೇಲೆ 'ಕರ್'.

ಮುಳ್ಳಣ್ಣ ಕಿವಿಯಿಂದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಇನ್ನೊಂದ್ಸಲ ಮಾಡ್ಬೇಡಿ," ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಮಾಡಿ ನೋಡೋಣ," ಎಂದರು. ಟೀಗೆ ಸಕ್ಕರೆ ಹಾಕಿಕೊಳ್ಳಲಿಲ್ಲ.

ಇಪ್ಪತ್ತಾರು ವರ್ಷದಿಂದ ಮಕ್ಕಳನ್ನು ನಗಿಸುವ ಸದ್ದು ಮಾಡಿದ್ದೇನೆ. ಒಬ್ಬ ದೊಡ್ಡ ಮನುಷ್ಯ ಹೆದರಿದ್ದನ್ನು ಕಂಡು ಇಷ್ಟೊಂದು ಖುಷಿಯಾಗುತ್ತದೆ ಎಂದು ಗೊತ್ತಿರಲಿಲ್ಲ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ.

ಮಾರ್ಚ್ ೧೪, ಗುರುವಾರ

ಇವತ್ತು ಹುಡುಗಿಯ ಹೆಜ್ಜೆ. ಒಂದು ಹಲಗೆಯ ಮೇಲೆ ಸಕ್ಕರೆ ಹರಡಿದೆ. ಮೊದಲ ದೃಶ್ಯದಲ್ಲಿ ಅವಳು ಪೂರ್ತಿ ಹುಡುಗಿ, ನನ್ನ ಎರಡು ಕಾಲಿನಿಂದ ನಡೆಯುತ್ತಾಳೆ. ರಾಜನ ಮುತ್ತಿನ ಮೇಲೆ ಎರಡು ಅಂಗೈಯಿಂದ. ಮಂತ್ರಿಯ ಮುತ್ತಿನ ಮೇಲೆ ನಾಲ್ಕು ನಾಲ್ಕು ಬೆರಳಿನಿಂದ. ಆಮೇಲೆ ಎರಡೇ ಬೆರಳು. ಕೊನೆಗೆ ಒಂದು ಉಗುರು.

ನಾಟಕದಲ್ಲಿ ಹುಡುಗಿ ಚಿಕ್ಕವಳಾದಳು ಎಂದು ಯಾರೂ ಒಂದು ಮಾತೂ ಹೇಳಬೇಕಾಗಿಲ್ಲ. ಕಡ್ಡಿ ತಾನು ಬರೆದ ಎರಡು ಪುಟ ಮಾತನ್ನು ನನ್ನೆದುರೇ ಹರಿದು ಹಾಕಿದಳು.

ಮಾರ್ಚ್ ೧೯, ಮಂಗಳವಾರ

ಕಡ್ಡಿಗೆ ನಾಟಕದ ಕೊನೆ ಸಿಗುತ್ತಿಲ್ಲ. ಹುಡುಗಿ ನಾಲಿಗೆಯ ಮೇಲೆ ಕರಗಿದಳು, ಮುಗಿಯಿತು. ಆದರೆ ಮುಗಿದ ಹಾಗೆ ಅನ್ನಿಸುವುದಿಲ್ಲ. "ಸತ್ತೋಳಿಗೆ ಹೆದರಲ್ಲ ಜನ, ಅಯ್ಯೋ ಪಾಪ ಅಂತಾರೆ ಅಷ್ಟೇ," ಎಂದು ತಲೆ ಕೆರೆದುಕೊಳ್ಳುತ್ತಿದ್ದಳು.

ಮನೆಗೆ ಬಂದು ಸಕ್ಕರೆ ಬಿರಿಯುವ ಸದ್ದು ನೋಡೋಣ ಎಂದು ಬಾಣಲೆಗೆ ಸಕ್ಕರೆ ಹಾಕಿ ಒಲೆಯ ಮೇಲಿಟ್ಟೆ. ಮೈಮರೆತೆ, ಪಾಕ ಕಂದು ಬಣ್ಣಕ್ಕೆ ತಿರುಗಿತು. ಸ್ವಲ್ಪ ಆರಿದ ಮೇಲೆ ಚಮಚದ ತುದಿಯಲ್ಲಿದ್ದುದನ್ನು ಬಾಯಿಗೆ ಹಾಕಿಕೊಂಡು ಕಚ್ಚಿದೆ. ಹಲ್ಲಿಗೆ ಹಲ್ಲು ಅಂಟಿಕೊಂಡಿತು! ದವಡೆ ಅಲ್ಲಾಡದು. ಅಷ್ಟರಲ್ಲಿ ಅಕ್ಕನ ಫೋನು.

ಅಕ್ಕ ಹತ್ತು ನಿಮಿಷ ಮಾತಾಡಿದಳು. ಸಾಮಾನು ಸಾಗಿಸುವವರು ಬರುವ ದಿನ, ನನ್ನ ಮನೆಯ ಮಾಲೀಕರಿಗೆ ಅವಳೇ ಹೇಳಿಬಿಟ್ಟಿರುವುದು, ಮಗುವಿನ ಹಲ್ಲು. ನಾನು 'ಹೂಂ' ಎನ್ನುವುದಕ್ಕೂ ಆಗದೆ ಮೂಗಿನಲ್ಲಿ ಉಸಿರಾಡುತ್ತ ನಿಂತಿದ್ದೆ. "ಸರಿ ಹಾಗಾದ್ರೆ, ಎಲ್ಲಾ ಮಾತಾಡಿದ ಹಾಗಾಯ್ತಲ್ಲ," ಎಂದು ಅವಳು ಇಟ್ಟಳು. ಬಾಯಿ ಬಿಟ್ಟಿದ್ದು ಅವಳೊಬ್ಬಳೇ ಎಂದು ಅವಳಿಗೆ ಗೊತ್ತೇ ಆಗಲಿಲ್ಲ. ನಗು ಬಂತು, ನಗುವುದಕ್ಕೂ ಆಗಲಿಲ್ಲ.

ಬಿಸಿನೀರು ಮುಕ್ಕಳಿಸಿ ಬಾಯಿ ಬಿಡಿಸಿಕೊಂಡ ಕೂಡಲೇ ಕಡ್ಡಿಗೆ ಫೋನ್ ಮಾಡಿದೆ.

"ಮೇಡಮ್, ಅವಳು ಕರಗಲ್ಲ. ರಾಣಿ ಬಾಯೊಳಗೆ ಅಂಟ್ಕೋತಾಳೆ. ರಾಣಿ ಬಾಯಿ ಬಿಡೋಕಾಗಲ್ಲ. ಆಮೇಲೆ ಹೋದ ಹೆಜ್ಜೆ ಎಲ್ಲಾ ವಾಪಸ್ ಬರುತ್ತೆ. ಮೊದಲು ಉಗುರು, ಆಮೇಲೆ ಬೆರಳು, ಆಮೇಲೆ ಅಂಗೈ, ಆಮೇಲೆ ಕಾಲು. ಯಾರ್ಯಾರು ತಿಂದಿದ್ರೋ ಅವರವರಿಂದ ಒಂದೊಂದು ಚೂರು ವಾಪಸ್."

ಆ ಕಡೆ ಕಾಗದ ಎಳೆದುಕೊಂಡು ಗೀಚುವ ಸದ್ದು. ಆಮೇಲೆ ಕೇಳಿದಳು: "ಇದನ್ನ ಇಷ್ಟು ವರ್ಷ ಎಲ್ಲಿಟ್ಟಿದ್ರಿ?"

ಬಾಣಲೆ ತಿಕ್ಕಿ ತಿಕ್ಕಿ ತೋಳು ಬಿದ್ದುಹೋಯಿತು.

ಮಾರ್ಚ್ ೨೨, ಶುಕ್ರವಾರ

ಪ್ರಸಾರದ ಯಂತ್ರಗಳನ್ನೆಲ್ಲ ಹಚ್ಚಿ ಮಾಡಿದ ಅಭ್ಯಾಸದಲ್ಲಿ ಮಾನ ಹೋಯಿತು. ರಾಣಿಯ ಬಾಯಿ ಕಟ್ಟಿತು, ಎಲ್ಲರೂ ಉಸಿರು ಬಿಗಿಹಿಡಿದರು, ಕಡ್ಡಿ ಕೈಯೆತ್ತಿ ಸೆಕೆಂಡು ಎಣಿಸುತ್ತಿದ್ದಳು. ಮೂವತ್ತು ಸೆಕೆಂಡು ಮೌನ, ಆಮೇಲೆ ಹುಡುಗಿಯ ದನಿ. ಹದಿನೆಂಟಕ್ಕೆ ಬರುವಷ್ಟರಲ್ಲಿ ಯಾವುದೋ ದೊಡ್ಡ ಹೋಟೆಲಿನ ಹಾಗೆ ಪಿಯಾನೊ ಶುರುವಾಯಿತು, ಟಿಂಗ್ ಟಿಂಗ್ ಎಂದು. ರಾಣಿಯ ಪಾತ್ರದವರು ಕಿರುಚಿಕೊಂಡರು.

ಹದಿನೆಂಟು ಸೆಕೆಂಡು ಸದ್ದಿಲ್ಲದಿದ್ದರೆ ಪ್ರಸಾರ ಕೆಟ್ಟಿದೆ ಎಂದು ತಿಳಿದು ತಾನೇ ಸಂಗೀತ ಹಾಕುವ ಪೆಟ್ಟಿಗೆಯೊಂದು ಕೇಂದ್ರದಲ್ಲಿದೆ. ಮುಳ್ಳಣ್ಣನಿಗೆ ಗೊತ್ತು, ನನಗೂ ಗೊತ್ತು. ಆದರೆ ಇಷ್ಟು ವರ್ಷ ನಮ್ಮಲ್ಲಿ ಯಾರೂ ಹದಿನೆಂಟು ಸೆಕೆಂಡು ಸುಮ್ಮನಿದ್ದದ್ದೇ ಇಲ್ಲ, ಹಾಗಾಗಿ ಮರೆತೇ ಹೋಗಿತ್ತು. ಪೆಟ್ಟಿಗೆ ಆರಿಸುವಂತಿಲ್ಲ, ಅದು ಮೇಲಿನವರ ನಿಯಮ.

ಆಡಳಿತಾಧಿಕಾರಿಗಳು ಬಂದು, "ಹದಿನೈದೇ ಸೆಕೆಂಡು ಮಾಡ್ಕೊಳ್ಳಿ, ಏನಾಗುತ್ತೆ?" ಎಂದರು.

"ಸಾಲದು ಸರ್," ಎಂದೆ. "ಹದಿನೈದಕ್ಕೆ ಜನ ಕಾಯ್ತಾರೆ. ಇಪ್ಪತ್ತಕ್ಕೆ ರೇಡಿಯೊ ಕೆಟ್ಟಿದೆ ಅಂತ ಹತ್ರ ಬರ್ತಾರೆ. ಮೂವತ್ತಕ್ಕೆ ಕಿವಿ ಇಟ್ಟಿರ್ತಾರೆ. ಆಗ ಹುಡುಗಿ ಮಾತಾಡ್ಬೇಕು."

ಅವರು ಗಂಟಲು ಸರಿಮಾಡಿಕೊಂಡು ಹೊರಟುಹೋದರು. ಪಾಪ, ಅವರಿಗೆ ಕೆಮ್ಮು ಇರಬೇಕು.

ಮುಳ್ಳಣ್ಣ ಯೋಚಿಸಿ ಯೋಚಿಸಿ ಹೇಳಿದರು, ಪೂರ್ತಿ ಮೌನ ಬೇಡ, ಮುಳ್ಳು ಒಂದು ಕೂದಲೆಳೆ ಅಲ್ಲಾಡುತ್ತಿದ್ದರೆ ಪೆಟ್ಟಿಗೆ ಸುಮ್ಮನಿರುತ್ತದೆ. ಬಾಯಿ ಕಟ್ಟಿದ ರಾಣಿ ಮೂಗಿನಿಂದ ಉಸಿರಾಡುತ್ತಾಳಲ್ಲ? ಆ ಉಸಿರು ನಾನು ಮಾಡಬೇಕು. ಕೇಳುವವರಿಗೆ ಇದೆಯೋ ಇಲ್ಲವೋ ಎನ್ನುವಷ್ಟು, ಮುಳ್ಳಿಗೆ ಮಾತ್ರ ಗೊತ್ತಾಗುವಷ್ಟು.

ಮಾರ್ಚ್ ೨೪, ಭಾನುವಾರ

ಅಕ್ಕನ ಮಗಳು ಮಗುವನ್ನು ಕರೆದುಕೊಂಡು ಬಂದಿದ್ದಳು. ಮೇಜಿನ ದೀಪ ಕೇಳಿದಳು. ನನಗೆ ಬೇಕು ಎಂದೆ. ಮಗುವಿಗೆ ನೆಗಡಿ, ಮೂಗೆಲ್ಲ ನನ್ನ ಭುಜಕ್ಕೆ ಒರೆಸಿತು. ಮುದ್ದಾಗಿದೆ. ಹೊರಡುವಾಗ ಅಕ್ಕನ ಮಗಳು ಬೂದು ಶಾಲು ಹೊದ್ದುಕೊಂಡಿರುವುದನ್ನು ಕಂಡು, ಬಿಚ್ಚಿಸಿ ಇಟ್ಟುಕೊಂಡೆ. ಸ್ಟುಡಿಯೊದಲ್ಲಿ ಚಳಿ.

ಮಾರ್ಚ್ ೨೮, ಗುರುವಾರ

ನೆಗಡಿ. ಮೂಗು ಎರಡೂ ಕಡೆ ಬಂದ್. ಶನಿವಾರ ಪ್ರಸಾರ.

ಮಾರ್ಚ್ ೨೯, ಶುಕ್ರವಾರ

ಹಬೆ ತೆಗೆದುಕೊಂಡೆ, ಮಾತ್ರೆ ನುಂಗಿದೆ, ಎಡ ಹೊಳ್ಳೆ ಅರ್ಧ ತೆರೆಯಿತು. ಅಕ್ಕ ಫೋನ್ ಮಾಡಿ, "ಹುಷಾರಿಲ್ದೆ ಯಾಕೆ ಹೋಗ್ತೀಯ? ಹೇಗೂ ಸೋಮವಾರ ಅರ್ಜಿ ಕೊಟ್ಟು ಬರ್ತೀಯ. ರಜೆ ಹಾಕು, ಯಂತ್ರ ಮಾಡ್ಕೊಳ್ಳಲಿ," ಎಂದಳು.

"ಯಂತ್ರಕ್ಕೆ ಮೂಗಿಲ್ಲ ಅಕ್ಕ," ಎಂದು ಇಟ್ಟುಬಿಟ್ಟೆ. ಅಕ್ಕನ ಮಾತು ಮುಗಿಯುವ ಮೊದಲು ಫೋನ್ ಇಟ್ಟದ್ದು ಸರಿಯಲ್ಲ. ಆಮೇಲೆ ನಿದ್ದೆ ಚೆನ್ನಾಗಿ ಬಂತು.

ಮಾರ್ಚ್ ೩೦, ಶನಿವಾರ

ಎಲ್ಲ ಬರೆದಿಡಬೇಕು.

ಏಳಕ್ಕೆ ಕೆಂಪು ದೀಪ ಹತ್ತಿತು. ಗಾಜಿನ ಆಚೆ ಮುಳ್ಳಣ್ಣ, ಅವರ ಹಿಂದೆ ಆಡಳಿತಾಧಿಕಾರಿಗಳು ಕೈ ಕಟ್ಟಿಕೊಂಡು. ಈಚೆ ಕಡ್ಡಿ, ನಟರು, ನನ್ನ ಸಕ್ಕರೆ ಹಲಗೆ.

ಮೊದಲ ಹತ್ತು ನಿಮಿಷ ಮಕ್ಕಳ ನಾಟಕದ ಹಾಗೇ ಇತ್ತು. ಹುಡುಗಿ ನಡೆದಳು, ನಕ್ಕಳು. ರಾಜ ಮುತ್ತು ಕೊಟ್ಟ. ಕರ್. ಅಂಗೈಯಲ್ಲಿ ನಡೆದೆ. ಮಂತ್ರಿ ಬಾಗಿಲು ತೆರೆದು ಬಂದ. ನನ್ನ ಹಳೆಯ ಬಾಗಿಲು ಎಂದೂ ಅಷ್ಟು ಮೆಲ್ಲಗೆ ನರಳಿರಲಿಲ್ಲ. ಮುತ್ತು. ಕರ್. ಬೆರಳಲ್ಲಿ ನಡೆದೆ. ಹುಡುಗಿಯ ಪಾತ್ರದವಳು, "ಇವತ್ತು ಬೇಡ, ನಾಳೆ ಕೊಡಿ," ಎಂದು ನಗುತ್ತಲೇ ಹೇಳುತ್ತಾಳೆ. ಎಲ್ಲರೂ, "ಒಂದೇ ಒಂದು ಚಿನ್ನ, ನಿನ್ನ ಮೇಲೆ ಪ್ರೀತಿ ಇರೋದಕ್ಕೆ ತಾನೇ," ಎನ್ನುತ್ತಾರೆ. ಆ ಮಾತು ಅಭ್ಯಾಸದಲ್ಲಿ ನೂರು ಸಲ ಕೇಳಿದ್ದೆ. ಇವತ್ತು ಕೇಳಿದಾಗ ಬೆನ್ನಹುರಿಯಲ್ಲಿ ತಣ್ಣಗಾಯಿತು. ಜ್ವರವೂ ಇತ್ತೇನೋ.

ರಾಣಿ ಅವಳನ್ನು ನಾಲಿಗೆಯ ಮೇಲಿಟ್ಟುಕೊಂಡಳು. ದವಡೆ ಮುಚ್ಚಿತು. ನಾನು ಮೈಕಿಗೆ ಮುಖ ಕೊಟ್ಟೆ.

ಮೂಗು ಮತ್ತೆ ಕಟ್ಟಿತ್ತು. ಎಡ ಹೊಳ್ಳೆಯಲ್ಲಿ ಸೂಜಿಯಷ್ಟು ದಾರಿ. ಎಳೆದೆ, ಸಣ್ಣಗೆ ಸೀಟಿಯಂತೆ ಬಂತು. ಬಿಟ್ಟೆ, ಒಳಗೆಲ್ಲೋ ಪಟ್ ಎಂದಿತು. ಐದು ಸೆಕೆಂಡು. ಹತ್ತು. ಗಾಳಿ ಸಾಲುತ್ತಿಲ್ಲ. ಬಾಯಿ ತೆರೆದರೆ ನಾಟಕ ಹೋಯಿತು, ಉಸಿರು ನಿಲ್ಲಿಸಿದರೆ ಪಿಯಾನೊ ಬರುತ್ತದೆ. ಹದಿನೈದು. ಎದೆ ಸುಡತೊಡಗಿತು. ಗಾಜಿನಾಚೆ ಮುಳ್ಳಣ್ಣ ಒಂದು ಬೆರಳು ಮೇಲೆತ್ತಿ ಹಿಡಿದಿದ್ದರು, ಮುಳ್ಳು ಅಲ್ಲಾಡುತ್ತಿದೆ ಎಂದು. ಹದಿನೆಂಟು ದಾಟಿತು. ಪೆಟ್ಟಿಗೆ ಸುಮ್ಮನಿತ್ತು! ಇಪ್ಪತ್ತೆರಡಕ್ಕೆ ಕೆಮ್ಮು ಗಂಟಲಿಗೆ ಬಂತು. ನುಂಗಿದೆ. ಆ ನುಂಗಿದ ಸದ್ದೂ ಮೈಕಿಗೆ ಹೋಯಿತು, ಆಡಳಿತಾಧಿಕಾರಿಗಳು ತಮ್ಮ ಗಂಟಲನ್ನು ತಾವೇ ಹಿಡಿದುಕೊಂಡದ್ದನ್ನು ಕಂಡೆ. ಕಣ್ಣಲ್ಲಿ ನೀರು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಕಡ್ಡಿಯ ಕೈ ಇಳಿಯಿತು.

"ಈಗ ನಾನು ಮಾತಾಡ್ತೀನಿ," ಎಂದಳು ಹುಡುಗಿ, ರಾಣಿಯ ಮುಚ್ಚಿದ ಬಾಯಿಯೊಳಗಿಂದ. "ಈಗ ನೀವು ಕೇಳ್ತೀರಿ."

ಆಮೇಲೆ ನಾನು ನಡೆದೆ. ಉಗುರು. ಎಲ್ಲೋ ರಾಣಿಯ ಉಸಿರು ನಿಂತಿತು. ಎರಡು ಬೆರಳು. ನಾಲ್ಕು. ಮಂತ್ರಿಯ ಬಾಗಿಲ ಮುಂದೆ ನಿಂತು, ಬಾಗಿಲು ತೆರೆದು ಒಳಗೆ ಹೋದೆ. ಮಂತ್ರಿ, "ಚಿನ್ನ..." ಎಂದ, ಮಾತು ಅರ್ಧಕ್ಕೆ ಅಂಟಿಕೊಂಡಿತು. ಅಂಗೈ. ರಾಜನ ಕೋಣೆ. ಆಮೇಲೆ ಹಲಗೆಯ ಮೇಲೆ ನನ್ನ ಎರಡು ಕಾಲಿಟ್ಟು, ನನ್ನ ಪೂರ್ತಿ ಭಾರ ಹಾಕಿ ನಡೆದೆ. ಸಕ್ಕರೆ ಪುಡಿಪುಡಿಯಾಗುತ್ತಿತ್ತು. ಕಡ್ಡಿ ನಾಲ್ಕು ಹೆಜ್ಜೆ ಸಾಕು ಎಂದು ಬರೆದಿದ್ದಳು. ನಾನು ಹದಿನಾರು ನಡೆದೆ. ಅರಮನೆಯ ಹೆಬ್ಬಾಗಿಲು ದೂಡಿ, ಆಚೆ ಹೋಗಿ, ಧಡ್ ಎಂದು ಹಾಕಿದೆ.

ಕೆಂಪು ದೀಪ ಆರಿತು. ನಾನು ಹನ್ನೆರಡು ಸಲ ಸೀನಿದೆ.

ಮೊದಲ ಫೋನು ಏಳು ಮುಕ್ಕಾಲಿಗೆ ಬಂತು. ಒಬ್ಬಾಕೆ, "ನನ್ನ ಮಗಳಿಗೆ ಮುತ್ತು ಕೊಡೋಕೇ ಭಯ ಆಗ್ತಿದೆ, ಕೇಳಿ ಕೊಡ್ಬೇಕಾ?" ಎಂದು ಅಳುತ್ತ ಕೇಳಿದಳು. ಕೇಳಿ ಕೊಡಿ ಎಂದೆ. ಇನ್ನೊಬ್ಬರು ಸಕ್ಕರೆ ಡಬ್ಬವನ್ನು ಕಪಾಟಿಗೆ ಹಾಕಿ ಬೀಗ ಜಡಿದಿದ್ದರು. ಒಬ್ಬ ಮುದುಕರು ಬಾಯಿಗೆ ಬಂದಂತೆ ಬೈದು, ಮತ್ತೆ ಯಾವಾಗ ಹಾಕುತ್ತೀರಿ ಎಂದು ಕೇಳಿದರು. ಫೋನೆತ್ತುವಾಕೆ ಐವತ್ತಾದಾಗ ಮೇಜು ಕುಟ್ಟಿದಳು, ನೂರಾ ಎಂಬತ್ತೇಳಾದಾಗ ಗೀಟು ಹಾಕಿ ಎಣಿಸುವುದನ್ನು ನಿಲ್ಲಿಸಿದಳು. ಕಡ್ಡಿ ನನ್ನನ್ನು ತಬ್ಬಿಕೊಳ್ಳಲು ಬಂದವಳು ಅರ್ಧದಲ್ಲಿ ನಿಂತು, "ತಬ್ಬಿಕೊಳ್ಳಲಾ?" ಎಂದು ಕೇಳಿದಳು. ಎಲ್ಲರೂ ಗೊಳ್ಳೆಂದು ನಕ್ಕೆವು.

ಗೆದ್ದೆವು. ಗೆದ್ದೆ.

ಏಪ್ರಿಲ್ ೧, ಸೋಮವಾರ

ಆಡಳಿತಾಧಿಕಾರಿಗಳ ಕೋಣೆಗೆ ನಾನೇ ಹೋದೆ, ಕರೆಸಿಕೊಂಡದ್ದಲ್ಲ. ಅವರು ಮಾತು ಉಳಿಸಿಕೊಂಡರು. ಕೋಣೆ ನನ್ನದು. ಯಂತ್ರ ಸುದ್ದಿ ವಿಭಾಗಕ್ಕೆ ಹೋಗುತ್ತದೆ.

"ಆದ್ರೆ ನಿಮ್ಮ ನಂತರ ಇದನ್ನ ಮಾಡೋರು ಯಾರು?" ಎಂದು ಕೇಳಿದರು.

"ಇಬ್ಬರನ್ನ ಕೊಡಿ, ಕಲಿಸ್ತೀನಿ. ಕೋಣೆ ಚಿಕ್ಕದು, ಪಕ್ಕದ ಗೋಡೆನೂ ಒಡೆಸಿಕೊಡಿ," ಎಂದೆ. ಬರೆದುಕೊಂಡರು.

ಅರ್ಜಿಯಲ್ಲಿ ಅಕ್ಕ ಪೆನ್ಸಿಲಿನಲ್ಲಿ ತುಂಬಿದ್ದನ್ನು ರಬ್ಬರಿನಿಂದ ಅಳಿಸಿ, ಖಾಲಿ ನಮೂನೆಯನ್ನು ವಾಪಸ್ ಕೊಟ್ಟೆ. ಒಳ್ಳೆಯ ಕಾಗದ, ಇನ್ನೊಬ್ಬರಿಗೆ ಬೇಕಾದೀತು.

ಏಪ್ರಿಲ್ ೩, ಬುಧವಾರ

ಮನೆ ಬಿಡುವುದಿಲ್ಲ ಎಂದು ಮಾಲೀಕರಿಗೆ ಹೇಳಿ, ಆಮೇಲೆ ಅಕ್ಕನಿಗೆ ಹೇಳಿದೆ. ಫೋನಿನಲ್ಲಲ್ಲ, ಹೋಗಿ ಹೇಳಿದೆ.

"ನಾನು ಬರಲ್ಲ ಅಕ್ಕ. ಭಾನುವಾರ ಬರ್ತೀನಿ, ಮಗೂನ ಆಡಿಸ್ತೀನಿ. ಇರೋಕೆ ಬರಲ್ಲ."

"ಬಣ್ಣ ಹೊಡ್ಸಿದೀವಲ್ಲೇ!"

"ಚೆನ್ನಾಗಿದೆ ಬಣ್ಣ."

"ನಿನ್ನ ಎತ್ತಿ ಆಡಿಸಿ ಬೆಳೆಸಿದ ಕೈ ಇದು. ಪ್ರೀತಿಯಿಂದ ಕರೆದ್ರೆ..."

"ಗೊತ್ತಕ್ಕ. ನಂಗೂ ನಿನ್ನ ಮೇಲೆ ಅಷ್ಟೇ ಪ್ರೀತಿ. ಆದ್ರೂ ಬರಲ್ಲ."

ಅಕ್ಕ ಸೆರಗಿಗೆ ಮುಖ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಇಬ್ಬರೂ ಅತ್ತು ಟೀ ಕುಡಿದೆವು. ಬರುವಾಗ ಮಿಕ್ಸರ್ 'ಇಟ್ಕೊಂಡಿರಿ' ಎಂದೆ, ಹೊಲಿಗೆ ಯಂತ್ರ ಮಾತ್ರ ಆಟೋದಲ್ಲಿ ಹಾಕಿಸಿಕೊಂಡೆ. ಭಾವನೇ ಎತ್ತಿ ಇಟ್ಟರು.

ದಾರಿಯುದ್ದಕ್ಕೂ ತಪ್ಪು ಮಾಡಿದೆನೇ ಎಂದು ನೂರು ಸಲ ಕೇಳಿಕೊಂಡೆ. ನೂರು ಸಲವೂ ಇಲ್ಲ ಎಂದೇ ಬಂತು.

ಏಪ್ರಿಲ್ ೧೨, ಶುಕ್ರವಾರ

ಒಂಬತ್ತು ದಿನ ಅಕ್ಕ ಫೋನ್ ಮಾಡಲಿಲ್ಲ. ಇವತ್ತು ಮಧ್ಯಾಹ್ನ ನೇರವಾಗಿ ಕೇಂದ್ರಕ್ಕೇ ಬಂದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಕಾವಲಿನವನನ್ನು ದಬಾಯಿಸಿ, ಮುಳ್ಳಣ್ಣನನ್ನು ಪಕ್ಕಕ್ಕೆ ತಳ್ಳಿ, ನನ್ನ ಕೋಣೆಯೊಳಗೆ ನುಗ್ಗಿದಳು.

"ಇದಕ್ಕೋಸ್ಕರ ನಮ್ಮನ್ನ ಬಿಟ್ಯಾ?" ಎಂದು ಶುರು ಮಾಡಿದಳು. "ಈ ಗುಜರಿ ಅಂಗಡಿಗೋಸ್ಕರ? ಒಂದು ಕಡೆ ಕಲ್ಲು, ಒಂದು ಕಡೆ ಹಳೇ ಬೂಟು! ಜನ ಕೇಳಿದ್ರೆ ನಾನು ಏನು ಹೇಳ್ಲಿ? ನನ್ನ ತಂಗಿ ಅಲ್ಲಿ..."

ಆಚೆಯಿಂದ ಕಡ್ಡಿ ಕೈ ತೋರಿಸಿದಳು. ಕೆಂಪು ದೀಪ ಹತ್ತಿತು. ಹೊಸ ನಾಟಕದ ಧ್ವನಿಮುದ್ರಣ, ದಂಡು ಸೋತು ಬಂದ ಮೇಲೆ ಮುದುಕಿಯೊಬ್ಬಳು ಮಗನನ್ನು ಹುಡುಕಿಕೊಂಡು ಹೋಗುವ ದೃಶ್ಯ.

"ಬಾಯಿ ಮುಚ್ಚು ಅಕ್ಕ," ಎಂದೆ. ಸಿಟ್ಟಿನಿಂದಲ್ಲ. ದೀಪ ಹತ್ತಿದಾಗ ಯಾರಿಗಾದರೂ ಹೇಳುವ ಹಾಗೆಯೇ.

ಅಕ್ಕ ಬಾಯಿ ಮುಚ್ಚಿದಳು. ಅವಳು ನಿಂತಿದ್ದದ್ದು ಸರಿಯಾಗಿ, ಹೆಜ್ಜೆ ಸದ್ದಿಗೆಂದು ನಾನು ನೆಲದ ಮೇಲಿಟ್ಟಿದ್ದ ಜಲ್ಲಿಕಲ್ಲಿನ ತಟ್ಟೆಯ ಮೇಲೆ. ಒಂದು ಕಾಲು ಎತ್ತಿದರೂ ಸದ್ದು, ಇಟ್ಟರೂ ಸದ್ದು. ಗಾಬರಿಯಿಂದ ನನ್ನನ್ನೇ ನೋಡುತ್ತ ಕಂಬದಂತೆ ನಿಂತಳು. ಮುದುಕಿಯ ಹೆಜ್ಜೆ ನಾನು ಹಾಕಬೇಕಿತ್ತು. ಅಕ್ಕನ ಕಾಲು ನೋಡಿದೆ, ಐವತ್ತೊಂಬತ್ತು ವರ್ಷದ, ಎಡಗಡೆ ಸ್ವಲ್ಪ ವಾಲುವ ಕಾಲು. ನನ್ನ ಯಾವ ಬೂಟಿಗೂ ಆ ನಡಿಗೆ ಬರುವುದಿಲ್ಲ. ಮೈಕನ್ನು ಅವಳ ಪಾದದ ಹತ್ತಿರ ಸರಿಸಿ, ನಡಿ ಎಂದು ಕೈಸನ್ನೆ ಮಾಡಿದೆ.

ಅಕ್ಕ ನಡೆದಳು. ಒಂದು, ಎರಡು, ಮೂರು. ಕೈ ಎತ್ತಿದೆ, ನಿಂತಳು. ಬೆರಳು ತಿರುಗಿಸಿ ತೋರಿಸಿದೆ, ತಿರುಗಿದಳು. ಆರು ಹೆಜ್ಜೆಗೆ ಅವಳ ಹಣೆ ಬೆವರಿತು. ದೀಪ ಆರಿದ ಮೇಲೂ ಅವಳು ತಟ್ಟೆಯಿಂದ ಇಳಿಯಲಿಲ್ಲ, ಮೆಲ್ಲಗೆ ಕೇಳಿದಳು:

"ಸರಿಯಾಗಿತ್ತೇನೇ?"

ಅಕ್ಕ ನನ್ನನ್ನು ಏನಾದರೂ ಕೇಳಿದ್ದು ನನಗೆ ನೆನಪಿಲ್ಲ, ಹೇಳಿದ್ದೇ ನೆನಪು. ತಬ್ಬಿಕೊಂಡುಬಿಡೋಣ ಅನ್ನಿಸಿತು, ಹೂಂ ಅಕ್ಕ ಚೆನ್ನಾಗಿತ್ತು ಎಂದು ಬಾಯಿಗೆ ಬಂದಿತ್ತು. ಆದರೆ ಮೂರನೆಯ ಹೆಜ್ಜೆ ಅವಸರವಾಗಿತ್ತು.

"ಇಲ್ಲ," ಎಂದೆ. "ಇನ್ನೊಂದ್ಸಲ ಬೇಕು. ಸ್ವಲ್ಪ ನಿಧಾನ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲಿನ ಜಾಗಕ್ಕೆ ಬಂದು ನಿಂತಳು.